ಹೆಗಲ ಮೇಲಿನ ಬೆರಳುಗಳು

ಅಮೆರಿಕದ ಶುಗರ್ ಲ್ಯಾಂಡ್ ಊರಿನ ಕನ್ನಡಿಗರ ಮನೆಗಳಲ್ಲಿ ಹಾರ ಹಾಕಿಸಿಕೊಂಡ ಫೋಟೋಗಳಲ್ಲಿ ಮುಕ್ಕಾಲು ಪಾಲು ಉದಯಶಂಕರರ ಕೈಯಿಂದ ಹೊರಟವು. ಬದುಕಿರುವವರು ಜೊತೆಗಿರುವ ಚಿತ್ರಕ್ಕೆ ಹಾರ ಹಾಕಬಾರದಲ್ಲ. ಅವರು ಕಂಪ್ಯೂಟರಿನ ಮುಂದೆ ಕೂತು, ಮೆನು ಇಳಿಸಿ, ತೀರಿಹೋದವರ ಸುತ್ತ ಮೌಸಿನಿಂದ ಗೆರೆ ಎಳೆದು, ಕೂದಲೆಳೆಯೂ ಕೆಡದಂತೆ ಬಿಡಿಸಿ ಕೊಡುತ್ತಿದ್ದರು. ಅದೂ ಒಂದು ಸೇವೆ ಎಂದು ನಂಬಿದ್ದರು.

ಈಗ ಹೆಂಡತಿ ನಾಗಮಣಿಯ ಸರದಿ ಬಂದಿತ್ತು. ನಾಳೆ ವೈಕುಂಠ ಸಮಾರಾಧನೆ. ಆಕೆ ಮನಸಾರೆ ನಕ್ಕ ಚಿತ್ರ ಇದ್ದದ್ದು ಒಂದೇ. ಅದರಲ್ಲಿ ಪಕ್ಕದಲ್ಲಿ ಇವರು, ಆಕೆಯ ಹೆಗಲ ಮೇಲೆ ಇವರ ಕೈ.

ಫೋಟೋ ತಿದ್ದುವ ಪ್ರೋಗ್ರಾಮ್ ತೆರೆದು ನೋಡಿದರೆ ಮೆನುಗಳೇ ಇಲ್ಲ. ಆಕೆ ಆಸ್ಪತ್ರೆಯಲ್ಲಿದ್ದಾಗ ಮಗ ಅನಿರುದ್ಧ್, ಅಪ್ಪನಿಗೆ ಸುಲಭವಾಗಲಿ ಎಂದು ಹೊಸ ಆವೃತ್ತಿ ಹಾಕಿಟ್ಟಿದ್ದ. ಪದಗಳ ಸಾಲಿದ್ದ ಜಾಗದಲ್ಲಿ ಪೆಪ್ಪರ್‌ಮಿಂಟಿನಂಥ ಬಣ್ಣದ ಬಟನ್ನುಗಳು.

"ಗೆರೆ ಎಳೆಯೋದನ್ನ ಎಲ್ಲಿ ಬಚ್ಚಿಟ್ಟಿದಾರೋ?" ಮಗನನ್ನು ಕರೆದು ಕೇಳಿದರು.

"ಅದನ್ನ ತೆಗ್ದೇಬಿಟ್ಟಿದಾರಪ್ಪ. ಯಾರೂ ಯೂಸ್ ಮಾಡಲ್ವಂತೆ. ಇದ್ರಲ್ಲಿ ಎಲ್ಲಾ ಈಸಿ."

"ಈಸಿಯಾಗಿರೋದು ಮಾತ್ರ ಇದ್ರಲ್ಲಿದೆ ಅನ್ನು. ಹಳೇದನ್ನೇ ಹಾಕಿಕೊಡು."

"ಅದರ ಸಿಡಿ ಎಸೆದ್ಬಿಟ್ಟೆ. ಸ್ವಲ್ಪ ಸರ್ಕೊಳ್ಳಿ, ನಾನು ಮಾಡ್ತೀನಿ."

ಅನಿರುದ್ಧ್ ಒಂದು ಬಟನ್ ಒತ್ತಿದ. ಫೋಟೋದಲ್ಲಿ ಕೆಂಪಗೆ ಬಿದ್ದ ಕಣ್ಣುಗಳನ್ನು ತಾನಾಗಿಯೇ ಕಪ್ಪು ಮಾಡುವ ಬಟನ್ ಅದು. ನಾಗಮಣಿಯ ಹಣೆಯ ಕುಂಕುಮವೂ ಕಪ್ಪಾಯಿತು.

"ಅಯ್ಯೋ, ತೆಗಿಯೋ ಅದನ್ನ! ಮುತ್ತೈದೆಯಾಗಿ ಹೋದೋಳು ಕಣೋ ಅವಳು!"

ಮಗ ಬೆದರಿ ಕುಂಕುಮವನ್ನು ಮರಳಿ ತಂದ. ಆಮೇಲೆ ಚೌಕವಿಟ್ಟು ಚಿತ್ರವನ್ನು ಕತ್ತರಿಸಿದ. ಉದಯಶಂಕರರು ಅಂಚಿನಾಚೆ ಹೋದರು. ಹೆಗಲ ಮೇಲೆ ನಾಲ್ಕು ಬೆರಳು ಉಳಿದವು. ಇನ್ನೂ ಒಳಗೆ ಕತ್ತರಿಸಿದರೆ ಆಕೆಯ ಕೆನ್ನೆಯೇ ಹೋಗುತ್ತಿತ್ತು. ಎಲ್ಲರ ಮನೆಯವರನ್ನೂ ಬಿಡಿಸಿ ಕೊಟ್ಟವರಿಗೆ ತಮ್ಮವಳನ್ನು ಬಿಡಿಸಿಕೊಳ್ಳಲು ಆಗಲಿಲ್ಲ.

ಮರುದಿನ ಪುರೋಹಿತರಾದ ಹಯಗ್ರೀವಾಚಾರ್ಯರು ಚೌಕಟ್ಟಿನ ಮೇಲೆ ಬಗ್ಗಿ ನೋಡಿ ದನಿ ತಗ್ಗಿಸಿದರು.

"ರಾಯರೇ, ಇದು ಯಾರ ಕೈ?"

"ನಂದೇ, ಆಚಾರ್ರೇ."

"ಜೀವಂತ ಇರೋರ ಕೈಗೆ ಹಾರ ಬೀಳಬಾರದು."

"ನಂಗೊತ್ತು. ಊರಿಗೆಲ್ಲ ನಾನೇ ಹೇಳ್ತಿದ್ದೆ."

ಜನ ಬರುತ್ತಿದ್ದರು, ಬೇರೆ ಚಿತ್ರವಿರಲಿಲ್ಲ. ಉದಯಶಂಕರರು ಅಂಗಡಿಯಿಂದ ತಂದಿದ್ದ ಬಿಳಿ ಸೇವಂತಿಗೆಯ ಹಾರವನ್ನು ಎರಡು ಸುತ್ತು ಮಡಚಿದರು. ಅದನ್ನು ಆ ಹೆಗಲ ಮೇಲೆ ದಪ್ಪಗೆ ಒತ್ತಿ, ತಮ್ಮ ಬೆರಳುಗಳನ್ನು ತಾವೇ ಮುಚ್ಚಿದರು. ಹರಿಯನ್ನು ನೆನೆದು ನಮಸ್ಕಾರಕ್ಕೆ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.