ಬಂಡುನ ಹೋಳಗಿ ಮತ್ತು ಇಂಗ್ಲೀಷ್ ಕತ್ತಲ

ತೇರದಾಳದ ಬಂಡುನ ಹಸಿವಿ ಸಣ್ಣ ಹಸಿವಿ ಅಲ್ಲ. ಒಮ್ಮೆ ಅವನ ಹೊಟ್ಟಿ ಗುರ್ ಅಂದಿದ್ದಕ್ಕ, ಬನಹಟ್ಟಿ ನೇಕಾರರು ತಮ್ಮ ಮಗ್ಗ ಕೆಟ್ಟಾವಂತ ಮಿಸ್ತ್ರೀನ ಕರಸಿದ್ರು. ಇಂಥಾ ಮನಷ್ಯಾ ಹೋದ ಚಾತುರ್ಮಾಸದಾಗ ಜೈನ ಮುನಿ ಮಹಾರಾಜರ ಮುಂದ ಕೈ ಮುಗದು, ರಾತ್ರಿ ಉಣ್ಣಂಗಿಲ್ಲ ಅಂತ ನೇಮ ಹಿಡದಿದ್ದ.

ಒಂದಿನ ಮಹಾಲಿಂಗಪುರಕ್ಕ ಬೆಲ್ಲಾ ಮಾರಾಕ ಹೋಗಿದ್ದ. ಬರೂಮುಂದ ಕಬ್ಬಿನ ಟ್ರ್ಯಾಕ್ಟರ್ ಒಂದು ದಾರ್ಯಾಗ ಅಡ್ಡ ಬಿದ್ದಿತ್ತು. ಮನಿಗೆ ಬಂದು ಕಾಲಿಗೆ ನೀರ ಹಾಕೊಳ್ಳೂದಕ್ಕೂ ಹೊತ್ತು ಮುಳುಗೂದಕ್ಕೂ ಸರಿ ಆತು. ಹೆಂಡತಿ ರಾಜಮತಿ ಹೋಳಗಿ ಬುಟ್ಟಿ ಮ್ಯಾಲ ಅರಿಬಿ ಮುಚ್ಚಿದ್ಲು.

"ನಾಳೆ ಉಣ್ಣೂವಂತ್ರಿ."

ಬಂಡುನ ಜೀವಾ ಹೋಳಗ್ಯಾಗ. ಸೊಸಿ ಭಕ್ತಿ ಸಾಲ್ಯಾಗ ಇಂಗ್ಲೀಷ್ ಕಲಸತಾಳ, ಕಟ್ಟಿ ಮ್ಯಾಲ ಕುಂತಿದ್ಲು. ಅಕೀನ ಕೇಳಿದ.

"ಯವ್ವಾ, ಹೊತ್ತು ಮುಳುಗಿದ ಕೂಡ್ಲೆ ಇಂಗ್ಲೀಷಿನ್ಯಾಗ ನೈಟ್ ಅಂತಾರೇನ?"

"ಇಲ್ರಿ ಮಾವಾರ. ಮುಳುಗೂದು ಸನ್‌ಸೆಟ್. ಆಮ್ಯಾಲ ಒಂಚೂರು ಬೆಳಕ ಉಳದಿರತೈತಲ್ರಿ, ಅದು ಟ್ವಿಲೈಟ್. ಮಬ್ಬಾದ್ರ ಡಸ್ಕ್. ಪೂರಾ ಕತ್ತಲಾದ್ರ ನೈಟ್."

ಬಂಡು ಕುಣದಾಡಿದ. "ಕೇಳಿದೇನ ರಾಜಮತಿ? ನಾ ಬಿಟ್ಟಿದ್ದು ನೈಟ್. ಟ್ವಿಲೈಟ್ ಬಿಡತೇನಿ ಅಂತ ಯಾವಾಗ ಅಂದೇನಿ?"

"ಮಹಾರಾಜರ ಮುಂದ ಯಾವ ಭಾಷಾದಾಗ ನೇಮ ಹಿಡದ್ರಿ?"

"ಕನ್ನಡದಾಗ."

"ಹಂಗಾರ ಕನ್ನಡದಾಗನ ಉಪಾಸ ಇರ್ರಿ."

"ಏ, ಇಂಗ್ಲೀಷರು ಶ್ಯಾಣ್ಯಾರದಾರ. ಕತ್ತಲಾಗೂದನ್ನ ಕಬ್ಬಿನಂಗ ಕಡದು ತುಂಡಿಗೊಂದ ಹೆಸರ ಇಟ್ಟಾರ!"

"ನಮ್ಮ ಮುಚ್ಚಂಜಿ ಏನ ಇಂಗ್ಲಂಡಿಂದ ಬಂತೇನ?"

ಹಿಂಗ ವಾದ ನಡೀತು. ಬಂಡು ಮಾತಿನ್ಯಾಗ ಮಹಾರಾಜರನ್ನ ತಂದ, ಸೂರ್ಯಾನ್ನ ತಂದ, ರಾಣಿ ವಿಕ್ಟೋರಿಯಾನ್ನೂ ತಂದ. ಕಡೀಕ ರಾಜಮತಿಗೆ ಸಾಕಾಗಿ ಬುಟ್ಟಿ ಮುಂದ ನೂಕಿದ್ಲು.

"ತಿನ್ರಿ. ಪಾಪ ನಿಮಗ, ಪಾತ್ರಿ ತೊಳಿಯೂದು ನನಗ."

ಬಂಡು ಹೋಳಗಿ ಎತ್ತಿದ. ಬಾಯಿಗೆ ಇಡೂಕಿಂತ ಮೊದಲ ಸೊಸಿ ಕಡೆ ಹೊಳ್ಳಿದ. "ಭಕ್ತೀ, ಇನ್ನೂ ಡಸ್ಕ್ ಐತಲ್ಲವಾ?"

ಭಕ್ತಿ ಅಂಗಳಕ್ಕ ಹೋಗಿ ಮುಗಲ ನೋಡಿ ಬಂದ್ಲು.

"ನೈಟ್ ಆತ್ರಿ ಮಾವಾರ. ಮಾತಾಡಿಕೋತ ಕುಂತ್ರಿ."

ಬಂಡು ಹೋಳಗಿ ಬುಟ್ಟ್ಯಾಗ ಇಟ್ಟ. ನೇಮ ಅಂದ್ರ ನೇಮ. ಹೊಟ್ಟಿ ಮ್ಯಾಲ ಒದ್ದಿ ಅರಿಬಿ ಕಟಗೊಂಡು ಮಲಗಿದ.

ಕೋಳಿ ಕೂಗೂದಕ್ಕ ಅಡಗಿ ಮನಿ ಬಾಗಲದಾಗ ನಿಂತಿದ್ದ. "ಮುಂಜಾನಿ ಆತು, ಹಾಕ."

ರಾಜಮತಿ ಸೊಸೀನ ಕರದ್ಲು. "ಭಕ್ತೀ, ಇದಕ್ಕ ಇಂಗ್ಲೀಷಿನ್ಯಾಗ ಏನಂತಾರ?"

"ಡಾನ್ ಅಂತಾರ್ರಿ ಅತ್ತಿ. ಸನ್‌ರೈಜ್ ಇನ್ನೂ ಆಗಿಲ್ಲ."

"ಆಗ್ಲಿ ತಡೀರಿ" ಅಂದ್ಲು ರಾಜಮತಿ.

ಬಂಡು ಅಂಗಳಕ್ಕ ಹೋಗಿ ಮೂಡಣ ದಿಕ್ಕಿಗೆ ಮಾರಿ ಮಾಡಿ ನಿಂತ. ಕಣ್ಣ ಮುಚ್ಚದ ನೋಡಿದ. ಅವನ ಮಾರಿ ನೋಡಿ ಸೂರ್ಯಾ ಗಾಬರ್ಯಾಗಿ ಲಗೂನ ಮ್ಯಾಲ ಬಂದ. ತೇರದಾಳದಾಗ ಬಂಡು ಎರಡನೇ ಹೋಳಗಿಗೆ ತುಪ್ಪಾ ಹಾಕಸಗೊಳ್ಳಾಕತ್ತಾಗ, ಬಾಜೂ ಊರು ಹಿಪ್ಪರಗ್ಯಾಗ ಇನ್ನೂ ಡಾನ್ ಇತ್ತಂತ.