ಓಡಿಸಿಬಿಟ್ಟ ಹಾಡು

ಇತ್ತೀಚೆಗೆ ತಾನು ಸಿನಿಮಾ ನೋಡುತ್ತಿಲ್ಲ, ಅಪ್ಪನ ಹೆಬ್ಬೆರಳನ್ನು ನೋಡುತ್ತಿದ್ದೇನೆ ಎಂದು ಅವಳು ತನಗೆ ತಾನೇ ಒಪ್ಪಿಕೊಂಡಳು. ಯಾರಿಗಾದರೂ ಹೇಳಿಕೊಳ್ಳುವಂಥ ಚಿಂತೆಯೇನೂ ಅಲ್ಲ ಇದು, ಹೇಳಿದರೆ ನಕ್ಕಾರು. ಆದರೆ ಶನಿವಾರ ಮಧ್ಯಾಹ್ನ ಕಿಟಕಿಯ ಪರದೆ ಎಳೆದು, ಹಳೇ ಸಿನಿಮಾದ ಕ್ಯಾಸೆಟ್ಟೊಂದನ್ನು ಯಂತ್ರದ ಬಾಯಿಗೆ ಕೊಟ್ಟು, ಅಪ್ಪ ರಿಮೋಟ್ ಹಿಡಿದು ಕುಳಿತರೆಂದರೆ ಅವಳ ಕಣ್ಣು ಆ ಬೆರಳಿಗೆ ಅಂಟಿಕೊಂಡುಬಿಡುತ್ತಿತ್ತು. ಈಗ ಹಾಡನ್ನು ಓಡಿಸುತ್ತಾರೆ, ಇನ್ನೇನು ಓಡಿಸುತ್ತಾರೆ ಎಂದು ಎಣಿಸುತ್ತ ಕೂರುತ್ತಿದ್ದಳು.

ಅಪ್ಪ ಅಂಚೆ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕೂರುವವರು. ಮನೆಗೆ ಬಂದರೆ ಸಿನಿಮಾದ ಹುಚ್ಚು. ಅದೂ ಹೊಸದಲ್ಲ, ಕಪ್ಪುಬಿಳುಪು ಕಾಲದ್ದು. ಮುಚ್ಚಿಹೋದ ವಿಡಿಯೋ ಅಂಗಡಿಗಳಿಂದ, ಹಳೇ ಸಾಮಾನಿನವರ ಗೋಣಿಚೀಲಗಳಿಂದ ಹೆಕ್ಕಿ ತಂದ ಕ್ಯಾಸೆಟ್ಟುಗಳು ಗೋಡೆಯುದ್ದಕ್ಕೂ ಪುಸ್ತಕಗಳ ಹಾಗೆ ನಿಂತಿದ್ದವು. ಡಿಸ್ಕುಗಳ ಕಾಲ ಬಂದಮೇಲೆ ಅವಕ್ಕೂ ಜಾಗವಾಯಿತು. ಸೀರೆ ಇಡಲು ಇನ್ನೊಂದು ಕಪಾಟು ಬೇಕೆಂದು ಅಮ್ಮ ಕೇಳಿದಾಗ ಮಾತ್ರ ಮನೆಯಲ್ಲಿ ಜಾಗವಿರಲಿಲ್ಲ.

ಶನಿವಾರ ತಪ್ಪದೆ ಬರುವವರು ಇಬ್ಬರು, ವಕೀಲರು ಮತ್ತು ಮೇಷ್ಟ್ರು. ಸಿನಿಮಾ ನಡೆಯುವಾಗ ಮನೆಯವರು ಕೆಮ್ಮಲೂ ಕೂಡದು. ಆ ಇಬ್ಬರ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಕ್ಯಾಮೆರಾ ಹಿಡಿದವನು ಯಾರು, ನಾಯಕಿಗೆ ದನಿ ಕೊಟ್ಟವಳು ಯಾರು, ಯಾರಿಗೆ ಯಾರ ಜೊತೆ ಸಂಬಂಧವಿತ್ತು, ಎಲ್ಲಾ ತಮ್ಮ ಕಣ್ಣೆದುರೇ ಆದಂತೆ. ಅವಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದಳು. ಪದವಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಹೊರಗಿನವರೆದುರು ಬಾಯಿ ತೆರೆಯುವುದೆಂದರೆ ಅವಳಿಗೆ ಚಳಿ ಬಂದ ಹಾಗೆ. "ನಿಮ್ಮ ಮಗಳನ್ನ ಮೂಕಿ ಚಿತ್ರದ ಕಾಲದಲ್ಲಿ ಹುಟ್ಟಿಸಬೇಕಿತ್ತು ಕಣ್ರೀ ಪೋಸ್ಟ್‌ಮಾಸ್ಟ್ರೇ," ಎಂದು ವಕೀಲರು ಪ್ರತಿ ಶನಿವಾರ ಹೊಸದೆಂಬಂತೆ ಹೇಳುತ್ತಿದ್ದರು.

ಕೆಲವು ಸಿನಿಮಾಗಳಲ್ಲಿ ಒಂದೊಂದು ಹಾಡು ಬಂದಾಗ ಅಪ್ಪನ ಹೆಬ್ಬೆರಳು ಮುಂದೋಡಿಸುವ ಗುಂಡಿ ಒತ್ತಿಬಿಡುತ್ತಿತ್ತು. ತೆರೆಯ ತುಂಬ ಬಿಳಿ ಗೆರೆ, ನಡುವೆ ಇರುವೆಗಳಂತೆ ಓಡುವ ಕುಣಿತದವರು. "ಇಲ್ಲಿ ಟೇಪಿಗೆ ಬೂಷ್ಟು ಹಿಡಿದಿದೆ. ಹಾಗೇ ಬಿಟ್ರೆ ಯಂತ್ರ ಕೆಡುತ್ತೆ," ಎನ್ನುತ್ತಿದ್ದರು. ಸಂಗ್ರಾಹಕರಲ್ಲಿ ಇದು ಎಲ್ಲರೂ ನಂಬುವ ಮಾತು.

ಅವಳೂ ನಂಬಿದ್ದಳು. ಕ್ಯಾಸೆಟ್ಟುಗಳು ಒಳಗೇ ಅಂಟಿಕೊಳ್ಳದಂತೆ ಆಗಾಗ ಮುಂದಕ್ಕೂ ಹಿಂದಕ್ಕೂ ಸುತ್ತಿಡುವುದು ಅವಳ ಪಾಲಿನ ಕೆಲಸ. ಕೆಳಗಿನ ಸಾಲನ್ನು ಮಾತ್ರ ಅಪ್ಪನೇ ನೋಡಿಕೊಳ್ಳುತ್ತಿದ್ದರು. ಈಚೆಗೆ ಸೊಂಟ ಹಿಡಿದುಕೊಂಡು ಅವರು ಆಸ್ಪತ್ರೆಗೆ ಹೋಗಿದ್ದ ದಿನ, ಪಾಪ ಬಗ್ಗಲಾರರು ಎಂದು ಅವಳೇ ಕೆಳಗಿನ ಸಾಲಿಗೆ ಕೈಹಾಕಿದಳು. ಅಪ್ಪ ಸದಾ ಓಡಿಸುವ ಹಾಡಿರುವ ಕ್ಯಾಸೆಟ್ಟೇ ಕೈಗೆ ಬಂತು. ಬೂಷ್ಟು ಎಷ್ಟಿದೆ ನೋಡೋಣವೆಂದು ಹಾಕಿದರೆ, ಎಲ್ಲಿಯ ಬೂಷ್ಟು? ಹಾಡು ಹಾಲಿನಂತೆ ಹರಿಯಿತು. ಕೈಯಲ್ಲಿ ಬೀಸಣಿಗೆ ಹಿಡಿದ ಹುಡುಗಿಯರು ಎರಡು ಸಾಲಿನಲ್ಲಿ ಕುಣಿಯುತ್ತಿದ್ದರು. ಹಿಂದಿನ ಸಾಲಿನ ಒಬ್ಬಳು ಹಣೆಗೆ ಬಿದ್ದ ಕೂದಲನ್ನು ಕೈ ಮುಟ್ಟಿಸದೆ, ಕೆಳತುಟಿ ಮುಂದೆ ಮಾಡಿ ಉಫ್ ಎಂದು ಊದಿದಳು. ಮನೆಯಲ್ಲಿ ಹಿಟ್ಟು ಕಲಸುವಾಗ, ಕೈ ತುಂಬಾ ಹಿಟ್ಟಾಗಿರುವಾಗ, ಹಾಗೆ ಊದುವವರು ಒಬ್ಬರೇ.

ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಅದು ನೀನಾ?" ಎಂದಷ್ಟೇ ಕೇಳಿದಳು.

ಅಮ್ಮ ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು ಹೊರಬಂದು, ನಿಂತೇ ಒಂದು ಗಳಿಗೆ ನೋಡಿದರು. "ನಾನೇ ಕಣೆ. ಮದುವೆಗೆ ಮುಂಚೆ ಅದೇ ನನ್ನ ಕೆಲಸ. ಈ ಕೆಳಗಿನ ಸಾಲಿನ ಸಿನಿಮಾ ಎಲ್ಲದರಲ್ಲೂ ಇದ್ದೀನಿ. ಹುಡುಕಬೇಕು ಅಷ್ಟೆ, ಹಿಂದೆಲ್ಲೋ ಇರ್ತೀನಿ."

"ಅಪ್ಪಂಗೆ ನಾಚಿಕೆನಾ?"

"ನಾಚಿಕೆ ಆಗಿದ್ರೆ ಊರೂರು ಅಲೆದು ಯಾಕೆ ತರ್ತಿದ್ರು? ನೀನು ಕಾಲೇಜಿಗೆ ಹೋದಾಗ, ರಜೆ ಹಾಕಿ ಒಬ್ರೇ ಕೂತು ನೋಡ್ತಿದ್ರು. ಒಂದು ಚೂರೂ ಓಡಿಸದೆ." ಅಮ್ಮನ ಮುಖದಲ್ಲಿ ನಗುವಿನಂಥದೇನೋ ಬಂದು ಹೋಯಿತು. "ವಕೀಲರು, ಮೇಷ್ಟ್ರು ಮೊದಲ ಸಲ ಬಂದಾಗ ಈ ಹಾಡು ಶುರುವಾಯ್ತು. ಹಿಂದಿನ ಸಾಲಿನವರ ಬಗ್ಗೆ ಅವರೇನೋ ಹಗುರವಾಗಿ ಅಂದ್ರು. ನಿಮ್ಮಪ್ಪನೂ ಅವರ ಜೊತೆ ನಕ್ಕುಬಿಟ್ರು. ಒಂದು ಸಲ ನಕ್ಕಮೇಲೆ ಹೇಳೋದು ಹೇಗೆ, ಹೇಳು? ಆಗಲೇ ಬೂಷ್ಟು ಅಂತ ಓಡಿಸಿದ್ರು, ಅವತ್ತಿಂದ ಓಡಿಸ್ತಾನೇ ಇದ್ದಾರೆ."

"ನೀನೇ ಹೇಳಿಬಿಡಬಾರದಾ?"

"ಅವರು ಹೇಳಬೇಕು. ಕಾಯ್ತಾ ಇದ್ದೀನಿ," ಎಂದು ಅಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ದನಿ ಬಂತು, "ಹಾಲು ಉಕ್ಕಿಹೋಯ್ತು ನೋಡು, ನಿನ್ನ ಮಾತಲ್ಲಿ!"

ಅಂದಿನಿಂದ ಅವಳೂ ಕಾಯತೊಡಗಿದಳು. ಪ್ರತಿ ಶನಿವಾರ, ಇವತ್ತಾದರೂ ಅಪ್ಪ ಆ ಗುಂಡಿ ಒತ್ತದೆ ಇರಲಿ ಎಂದು. ಅಪ್ಪ ಒತ್ತುತ್ತಿದ್ದರು. ಚಹಾದ ತಟ್ಟೆ ಹಿಡಿದು ಬಂದ ಅಮ್ಮ, ಇರುವೆಗಳಂತೆ ಓಡುವ ತಮ್ಮನ್ನು ತಾವೇ ನೋಡಿ, ಕಪ್ಪುಗಳನ್ನು ಒಂದೊಂದಾಗಿ ಇಳಿಸಿ ಹೋಗುತ್ತಿದ್ದರು. ಒಂದು ಕಪ್ಪೂ ಸದ್ದು ಮಾಡುತ್ತಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ವಕೀಲರು ಚಪ್ಪಲಿ ಬಿಡುವ ಮೊದಲೇ ಗುಲ್ಲೆಬ್ಬಿಸಿದರು. "ಪೋಸ್ಟ್‌ಮಾಸ್ಟ್ರೇ, ಕಣ್ಣು ಮುಚ್ಚಿ! ಮುಚ್ಚಿ ಅಂದ್ರೆ ಮುಚ್ಚಬೇಕು!" ಅಪ್ಪನ ಅಂಗೈಗೆ ಒಂದು ಹೊಚ್ಚಹೊಸ ಡಿಸ್ಕು ಇಟ್ಟರು. ಅದೇ ಬೀಸಣಿಗೆ ಹಾಡಿನ ಸಿನಿಮಾ. ಮೂಲ ಪ್ರತಿಯಿಂದಲೇ ಚೊಕ್ಕಮಾಡಿ ಹೊಸದಾಗಿ ಬಿಟ್ಟಿದ್ದಾರಂತೆ. "ನಿಮ್ಮ ಬೂಷ್ಟು ಹಿಡಿದ ಹಾಡು ಪೂರ್ತಿ ಇದೆ! ಇಷ್ಟು ವರ್ಷ ನಮ್ಮನ್ನ ಉಪವಾಸ ಕೆಡವಿದ್ರಲ್ಲಾ!"

"ಅದಕ್ಕೇನು... ಇನ್ನೊಂದಿನ ನೋಡಿದ್ರಾಯ್ತು," ಎಂದರು ಅಪ್ಪ. ಡಿಸ್ಕನ್ನು ಟೀಪಾಯಿಯ ಮೇಲಿಟ್ಟರು. "ಇವತ್ತು ಬೇರೆ ತೆಗೆದಿಟ್ಟಿದ್ದೀನಿ."

"ಬೇರೇದು ಎಲ್ಲಿ ಓಡಿಹೋಗುತ್ತೆ? ಮೇಷ್ಟ್ರೇ, ಹಾಕ್ರೀ!"

ಮೇಷ್ಟ್ರು ಹಾಕಿದರು. ರಿಮೋಟ್ ವಕೀಲರ ಮಡಿಲಿಗೆ ಹೋಯಿತು. ಸುಮ್ಮನೆ ಕೂರುವುದು ಅವರಿಗೆ ಗೊತ್ತಿಲ್ಲವಲ್ಲ, ಹಿಂದೆ ಮುಂದೆ ಮಾಡಿ ನೇರ ಹಾಡಿಗೇ ಬಂದರು. ಬೀಸಣಿಗೆಗಳು ಒಟ್ಟಿಗೆ ತೆರೆದುಕೊಂಡವು. ಚಿತ್ರ ಎಷ್ಟು ಚೊಕ್ಕವಾಗಿತ್ತೆಂದರೆ ಬೀಸಣಿಗೆಯ ಕಡ್ಡಿಗಳನ್ನು ಎಣಿಸಬಹುದಿತ್ತು. ಹಿಂದಿನ ಸಾಲಿನವರಿಗೂ ಈಗ ಮುಖ ಬಂದಿತ್ತು.

"ಆಹಾ! ನಿಲ್ಲಿಸ್ತೀನಿ ತಾಳಿ. ಈ ಹುಡುಗಿ ನೋಡ್ರೀ ಮೇಷ್ಟ್ರೇ, ಬಲದಿಂದ ಮೂರನೆಯವಳು. ನಾಯಕಿಗಿಂತ ಚೆನ್ನಾಗಿ ಕುಣೀತಾಳೆ!" ವಕೀಲರು ಗುಂಡಿ ಒತ್ತಿ ಚಿತ್ರ ನಿಲ್ಲಿಸಿದರು. ಹುಡುಗಿಯ ತುಟಿ ಮುಂದಾಗಿತ್ತು, ಹಣೆಯ ಕೂದಲು ಗಾಳಿಯಲ್ಲಿ ನಿಂತಿತ್ತು.

"ಹೌದು, ಕಳೆ ಇದೆ," ಎಂದರು ಮೇಷ್ಟ್ರು, ಕನ್ನಡಕ ಸರಿಮಾಡಿಕೊಳ್ಳುತ್ತ.

"ಕಳೆ ಇದ್ದು ಏನು ಬಂತು? ಆ ಸಾಲಿನವರ ಕಥೆ ಗೊತ್ತಿಲ್ವಾ? ಕುಣಿಯೋದು ಒಂದು ನೆಪ. ಎಷ್ಟು ಜನರ ಕೈ ದಾಟಿ ಎಲ್ಲಿಗೆ ಬಂದು ನಿಂತಳೋ. ಮರ್ಯಾದಸ್ಥರು ಯಾರಾದ್ರೂ ಇಂಥವರನ್ನ ಮನೆಗೆ ಕರ್ಕೊಂಡು ಬರ್ತಾರಾ? ನೀವು ತರ್ತಿದ್ರಾ ಪೋಸ್ಟ್‌ಮಾಸ್ಟ್ರೇ, ಸತ್ಯ ಹೇಳಿ!"

ಚಹಾದ ತಟ್ಟೆ ಹಿಡಿದು ಅಮ್ಮ ಬಾಗಿಲಿಗೆ ಬಂದಿದ್ದರು. ಮಗಳು ಕುಳಿತ ಸ್ಟೂಲಿನ ಪಕ್ಕದಲ್ಲೇ. ಮುಂದೆ ಹೆಜ್ಜೆ ಇಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅವರು ತೆರೆಯನ್ನು ನೋಡುತ್ತಿರಲಿಲ್ಲ, ಗಂಡನ ಬೆನ್ನನ್ನು ನೋಡುತ್ತಿದ್ದರು.

ಹೇಳಪ್ಪಾ, ಎಂದು ಅವಳು ಮನಸ್ಸಿನಲ್ಲೇ ಅಂಗಲಾಚಿದಳು. ಕೇಳಿದ್ದಾರೆ, ಈಗಲಾದರೂ ಹೇಳಿಬಿಡು.

ಅಪ್ಪನ ಕಿವಿ ಕೆಂಪೇರಿತ್ತು. ಬಾಯಿ ತೆರೆದರು. ಒಂದು ಗಳಿಗೆ, ಆ ಮಾತು ಬಂದೇಬಿಟ್ಟಿತು ಎನ್ನಿಸಿತು ಅವಳಿಗೆ. ಆಮೇಲೆ ಅವರ ಹೆಗಲು ಸಣ್ಣಗೆ ಕುಲುಕಿತು. ಹೆ ಹೆ ಎಂದು, ಗಂಟಲಿನ ಮೇಲಿನಿಂದಷ್ಟೇ ಬರುವ ನಗು. "ನಿಮ್ಮದೊಂದು ತಮಾಷೆ, ವಕೀಲ್ರೇ."

ಪಕ್ಕದಲ್ಲಿ ಕಪ್ಪುಗಳು ತಟ್ಟೆಯ ಮೇಲೆ ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಇಷ್ಟು ವರ್ಷಗಳಲ್ಲಿ ಮೊದಲ ಸಲ.

ಅವಳು ಎದ್ದು ನಿಂತಳು. ಸ್ಟೂಲು ಕಾಲಿಗೆ ಸಿಕ್ಕಿ ಹಿಂದಕ್ಕೆ ಉರುಳಿತು. ಮೂವರೂ ತಿರುಗಿ ನೋಡಿದರು. ಉರುಳಿದ ಸ್ಟೂಲನ್ನು ಅವಳು ಎತ್ತಲಿಲ್ಲ.

"ಏನಮ್ಮಾ, ಮೂಕಿ ಚಿತ್ರ ಮಾತಾಡುತ್ತಾ ಇವತ್ತು?" ಎಂದರು ವಕೀಲರು, ಅಕ್ಕರೆಯಿಂದಲೇ.

ಅಪ್ಪ ಅವಳ ಮುಖ ನೋಡಿದರು. ಇವಳಿಗೆ ಗೊತ್ತಿದೆ ಎಂಬುದು ಅವರಿಗೆ ಆ ಕ್ಷಣ ತಿಳಿಯಿತು. ಬೇಡ ಎನ್ನುವಂತೆ ತಲೆಯಾಡಿಸಿದರೋ, ಹೇಳು ಎಂದೋ, ಅವಳಿಗೆ ಗೊತ್ತಾಗಲಿಲ್ಲ. ಅವಳು ಅಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು ಟೀಪಾಯಿಯ ಮೇಲಿಟ್ಟಳು.

"ಅದು ನಮ್ಮಮ್ಮ," ಎಂದಳು.