ಮೂರು ಸೆಕೆಂಡಿನ ಬೋರ್ಡು

“ಇನ್ನೊಂಚೂರು ಮ್ಯಾಕೆ, ಬೋರಣ್ಣ. ಬಗ್ಗಬ್ಯಾಡ ಕಣಣ್ಣ, ಬಿದ್ದೀಯ,” ಎಂದು ರಘುನಂದನ ಮದ್ದೂರಿನ ಹಳೇ ಹೆದ್ದಾರಿಯ ನಟ್ಟನಡುವೆ ನಿಂತು ಕೂಗುತ್ತಿದ್ದ. ಹೊಸ ರಸ್ತೆ ಆಗುವ ಮುಂಚೆ ಅಲ್ಲಿ ಹಾಗೆ ನಿಂತಿದ್ದರೆ ಸಂಜೆಯೊಳಗೆ ಅವನ ಫೋಟೋಗೆ ಹಾರ ಬೀಳುತ್ತಿತ್ತು. ಈಗ ಒಂದು ಎಮ್ಮೆ ಮಾತ್ರ ಅವನನ್ನು ಬಳಸಿಕೊಂಡು ತನ್ನ ಪಾಡಿಗೆ ತಾನು ಹೋಯಿತು.

ಹೋಟೆಲಿನ ತಾರಸಿಯ ಮೇಲೆ ಅಡುಗೆಯ ಚಿಕ್ಕಬೋರಯ್ಯ ಬಿದಿರು ಗಳ ಹಿಡಿದು ನಿಂತಿದ್ದ. ಇನ್ನೊಂದು ಗಳವನ್ನು ನೀರಿನ ಟ್ಯಾಂಕಿಗೆ ಕಟ್ಟಲಾಗಿತ್ತು. ಎರಡರ ನಡುವೆ ಇಪ್ಪತ್ತಡಿ ಉದ್ದ, ಎಂಟಡಿ ಎತ್ತರದ ಬಿಳಿ ಬಟ್ಟೆ. ನಾಲ್ಕು ಪಂಚೆ ಸೇರಿಸಿ ಹೊಲಿದವಳು ರಘುವಿನ ಹೆಂಡತಿ ನಾಗಶ್ರೀ. ಅದರಲ್ಲೊಂದು ಅವನ ಮದುವೆಯ ಪಂಚೆ. ಜರಿಯಂಚು ಬಿಸಿಲಿಗೆ ಮಿನುಗುತ್ತಿತ್ತು.

ಇದು ಮೈಸೂರಿನ ಪಾರಂಪರಿಕ ಸಮಿತಿಯ ಅಪ್ಪಣೆ. ರಘುವಿನ ತಾತ ಕಟ್ಟಿಸಿದ ಹೋಟೆಲಿಗೆ ತೊಂಬತ್ತು ವರ್ಷ ದಾಟಿದೆ. ನೆತ್ತಿಯ ಮೇಲೆ ಗಾರೆಯ ಗಂಡಭೇರುಂಡ ಕೂತಿದೆ. ಒಂದು ತಲೆ ಬೆಂಗಳೂರಿನ ಕಡೆಗೆ, ಇನ್ನೊಂದು ಮೈಸೂರಿನ ಕಡೆಗೆ. ಗಿರಾಕಿ ಯಾವ ಕಡೆಯಿಂದ ಬಂದರೂ ಹಕ್ಕಿಗೇ ಮೊದಲು ಗೊತ್ತಾಗುತ್ತದೆ ಎಂದು ತಾತ ಹೇಳುತ್ತಿದ್ದನಂತೆ. ಆ ಹಕ್ಕಿಯ ದೆಸೆಯಿಂದಲೇ ಕಟ್ಟಡ ಸಮಿತಿಯ ಪಾರಂಪರಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಕಟ್ಟಡಕ್ಕೆ ಮೂರಡಿಗಿಂತ ಎತ್ತರದ ಬೋರ್ಡು ಬೇಕಾದರೆ ಅದೇ ಅಳತೆಯ ಬಟ್ಟೆ ಕಟ್ಟಿ, ಫೋಟೋ ತೆಗೆದು, ಸಮಿತಿಗೆ ಕಳಿಸಬೇಕು. ಪುರಸಭೆಯ ಇಂಜಿನಿಯರು ಮೋಹಿನಿ ಅದಕ್ಕೇ ಬಂದು, ಎದುರಿನ ಬೀಗ ಹಾಕಿದ ಅಂಗಡಿಯ ಜಗುಲಿಯಲ್ಲಿ ಗಾಳಿ ನಿಲ್ಲುವುದನ್ನು ಕಾಯುತ್ತಿದ್ದಳು.

ಆರು ತಿಂಗಳಿಂದ ರಘು ಅನುಮತಿಗೆ ಅಲೆದೂ ಅಲೆದೂ ಇದ್ದ ಮತಿಯನ್ನೂ ಕಳೆದುಕೊಂಡಿದ್ದ. ಸಮಿತಿ ಎನ್ನುವುದಕ್ಕೆ ಮಿತಿಯೇ ಇಲ್ಲ ಕಣ್ರೀ ಎಂದು ಕಂಡಕಂಡವರಿಗೆ ಹೇಳುವನು. ಪುರಸಭೆಯಿಂದ ಬಂದ ದಿನವೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಗುಮಾಸ್ತರು ಕನ್ನಡಕ ಇಳಿಸುವುದನ್ನೂ, ಮುಖ್ಯಾಧಿಕಾರಿ ಕೆಮ್ಮಿ ಕೆಮ್ಮಿ ‘ನೋಡೋಣ’ ಎನ್ನುವುದನ್ನೂ ಆಡಿ ತೋರಿಸುತ್ತಿದ್ದ. ಅವನ ಅಣಕು ಊರಿಗೇ ಪ್ರಸಿದ್ಧ. ಮುಂಚೆ ನಲವತ್ತು ಜನ ನಗುತ್ತಿದ್ದರು. ಈಚೆಗೆ ನಾಲ್ಕು ಜನ.

ಆರು ಪಥದ ಹೊಸ ರಸ್ತೆ ಊರನ್ನು ಮುಟ್ಟದೆ ಮೇಲಿಂದಲೇ ಹಾರಿಹೋದ ಮೇಲೆ ಬಸ್ಸುಗಳು ಮರೆತವು, ಕಾರುಗಳು ಮರೆತವು. ಫ್ಲೈಓವರಿನ ಮೇಲೆ ಹೋಗುವವರಿಗೆ ಕಾಣುವಂಥ ಬೋರ್ಡು ಒಂದು ಏರಿಬಿಟ್ಟರೆ ಸಾಕು ಎಂಬುದು ರಘುವಿನ ಒಂದೇ ಜಪ. ನಿಂತರೂ ಅದೇ, ಕೂತರೂ ಅದೇ, ಕೂರುವುದೂ ಕಮ್ಮಿ.

ಇವತ್ತಂತೂ ಕಾಲು ನೆಲಕ್ಕೆ ಅಂಟುತ್ತಿರಲಿಲ್ಲ. ಹೊಸ ರಸ್ತೆಯ ಪಕ್ಕದ ಫುಡ್‌ಕೋರ್ಟಿನವರು ಚಿಕ್ಕಬೋರಯ್ಯನನ್ನು ಕೆಲಸಕ್ಕೆ ಕರೆದಿದ್ದರು. ಸಂಜೆಯೊಳಗೆ ಅವನು ಊಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು. ಮೂವತ್ತೊಂದು ವರ್ಷದಿಂದ ಈ ಹೋಟೆಲಿನ ವಡೆ ಎಂದರೆ ಅವನ ಕೈ. ಬೆಳಿಗ್ಗೆ ಅವನು ಹಿಟ್ಟು ಕಲಸುತ್ತ, ತಲೆಯೆತ್ತದೆ ಕೇಳಿದ್ದ: “ಏನ್ ಯೋಳ್ಲಿ ರಘಪ್ಪ ಅವರ್ಗೆ?” ಬೋರ್ಡು ಏರಲಿ ತಡಿ ಬೋರಣ್ಣ ಎಂದು ರಘು ಅಂದಿದ್ದ.

ಗಾಳಿ ನಿಲ್ಲುವ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಬಾಡಿಗೆ ಕಾರಿನ ದೇವರಾಜು ಬಂದು ಹಾರನ್ ಹೊಡೆದ. ಬಟ್ಟೆ ಹೇಗೂ ಏರಿದೆ, ಮೇಲಿನಿಂದ ಹೇಗೆ ಕಾಣುತ್ತದೆ ನೋಡಿಕೊಂಡೇ ಬರೋಣ ಎಂದು ಅವನನ್ನು ಕರೆಸಿದ್ದವನು ರಘುವೇ. ಹೊಸ ರಸ್ತೆಗೆ ಬೈಕು ಬಿಡುವುದಿಲ್ಲ. ನಾನು ಫೋನ್ ಮಾಡುವ ತನಕ ಗಳ ಇಳಿಸಬೇಡ ಎಂದು ಚಿಕ್ಕಬೋರಯ್ಯನಿಗೆ ಕೂಗಿ ಹೇಳಿ, ಅವನು ಕಾರು ಹತ್ತಿದ.

ಬೆಂಗಳೂರಿನ ದಿಕ್ಕಿಗೆ ಹಳೇ ರಸ್ತೆಯಲ್ಲೇ ಅಷ್ಟು ದೂರ ಹೋಗಿ, ತಿರುಗಿಸಿಕೊಂಡು ಹೊಸ ರಸ್ತೆ ಹತ್ತಿದರು. ದೇವರಾಜು ನೂರಕ್ಕೆ ಏರಿಸಿದ. ರಘು ಕಿಟಕಿ ಇಳಿಸಿ, ಏರಿಸಿ, ಮತ್ತೆ ಇಳಿಸಿದ. ಶಿಂಷಾ ದಾಟಿತು. ತೆಂಗಿನ ತಲೆಗಳು, ನೀರಿನ ಟ್ಯಾಂಕುಗಳು, ಯಾರದೋ ಮನೆಯ ಒಣಹಾಕಿದ ಸೀರೆಗಳು ಓಡಿದವು. ತನ್ನ ಊರನ್ನೇ ಅವನು ಇಷ್ಟು ಎತ್ತರದಿಂದ ನೋಡಿರಲಿಲ್ಲ. ಯಾವುದು ಪೇಟೆಬೀದಿ, ಯಾವುದು ತನ್ನದು ಎಂದು ತಿಳಿಯದೆ ಕಣ್ಣು ತಡವರಿಸಿತು.

ಆಮೇಲೆ ಕಂಡಿತು. ಬೆಳ್ಳಗೆ, ಹೊಟ್ಟೆ ಉಬ್ಬಿಸಿಕೊಂಡು. ಅದರ ಪಕ್ಕದಲ್ಲಿ ಕಡ್ಡಿಯಂಥ ಮನುಷ್ಯ.

“ಅಗೋ ಕಣ್ಲಾ, ಅಗೋ,” ಎಂದ ರಘು. ಖುಷಿಗೆ ಅವನ ಗಂಟಲಲ್ಲಿ, ಮುಂಚೆ ಹೋಟೆಲಿನ ಮುಂದೆ ಬಸ್ಸು ನಿಲ್ಲಿಸುತ್ತಿದ್ದ ಹಳೇ ಕಂಡಕ್ಟರು ಎದ್ದು ಕೂತ. ಮೂಗಿನಿಂದಲೇ ರಾಗ ಎಳೆದ: “ಮದ್ದೂರು, ಮದ್ದೂರೂ. ಅತ್ತ್ ನಿಮ್ಸ ಟೈಮು. ವಡೆ ತಿನ್ನೋರು ಇಳ್ಕಳಿ, ಬುಟ್ಟೋದ್ರೆ ನಾನ್ ಜವಾಬ್ದಾರ ಅಲ್ಲ.”

ದೇವರಾಜು ಸ್ಟಿಯರಿಂಗ್ ತಟ್ಟಿ ನಕ್ಕ. ನಗು ಮುಗಿಯುವ ಮುಂಚೆಯೇ ಬಟ್ಟೆ ಹಿಂದೆ ಬಿದ್ದಿತ್ತು.

“ಇಳೀಲಾ ಮತ್ತೆ. ನಿಲ್ಸು, ವಡೆ ಕೊಡಿಸ್ತೀನಿ,” ಎಂದ ರಘು, ಇನ್ನೂ ಕಂಡಕ್ಟರನ ದನಿಯಲ್ಲೇ.

“ಎಲ್ಲಿ ನಿಲ್ಲುಸ್ಲಾ?” ಎಂದ ದೇವರಾಜು. “ಊರಿಗೆ ಇಳಿಯೋ ದಾರಿ ಆಗ್ಲೇ ಇಂದ್ಕೋಯ್ತಲ್ಲ. ಇನ್ನು ಯಲಿಯೂರ್ ತಾವೇ ಇಳೀಬೇಕು. ಅಲ್ಗಂಟ ವೋದೋನು ವಡೆಗೆ ಅಂತ ವಾಪಸ್ ಬಂದಾನಾ?”

ರಸ್ತೆಯ ಎರಡೂ ಕಡೆ ಬೇಲಿ ಬಿಗಿದಿದ್ದರು. ಮುಂದೆ ಹೋಗುತ್ತಿದ್ದ ಕಾರುಗಳ ಬೆನ್ನನ್ನು ರಘು ಒಂದೊಂದಾಗಿ ನೋಡಿದ. ಒಂದರ ಹಿಂದಿನ ಗಾಜಿಗೆ ಮಗುವೊಂದು ಅಂಗೈ ಒತ್ತಿಕೊಂಡು ಬಟ್ಟೆ ಕಂಡ ದಿಕ್ಕಿಗೇ ನೋಡುತ್ತಿತ್ತು. ಎಂಟಡಿ ಅಲ್ಲ, ಎಂಬತ್ತಡಿ ಕಟ್ಟಿದರೂ ಅಷ್ಟೇ.

ಫೋನು ಬಡಿದುಕೊಂಡಿತು. ಚಿಕ್ಕಬೋರಯ್ಯನ ಹಿಂದೆ ಗಾಳಿಯ ಸದ್ದು.

“ಕಾಣ್ತದಾ ರಘಪ್ಪ?”

“ಕಾಣ್ತದೆ ಬೋರಣ್ಣ. ಚೆಂದಾಗಿ ಕಾಣ್ತದೆ.”

ಇಳಿಸು ಎಂದು ಹೇಳುವುದನ್ನು ಅವನು ಮರೆತ.

ಯಲಿಯೂರಿನ ಹತ್ತಿರ ಇಳಿದು, ಹಳೇ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ವಾಪಸ್ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಮೋಹಿನಿ ಜಗುಲಿಯಿಂದ ಇಳಿದು ಬಂದಳು. ಮುಖದಲ್ಲಿ ಅಪರೂಪದ ನಗೆ. ಫೋಟೋ ಚೆನ್ನಾಗಿ ಬಂದಿದೆ, ಸಮಿತಿಯ ಕಾರ್ಯದರ್ಶಿಗೆ ಕಳಿಸಿ ಮಾತೂ ಆಡಿದ್ದೇನೆ, ಹಕ್ಕಿಯ ಕೊಕ್ಕು ಕಾಣುವಷ್ಟು ಬಿಟ್ಟು ಆರಡಿಗೆ ಇಳಿಸಿದರೆ ಒಪ್ಪುತ್ತಾರಂತೆ ಎಂದಳು. “ಇಲ್ಲೊಂದು ಸೈನ್ ಮಾಡಿ ರಘುನಂದನ್. ನಾಳೇನೇ ಆರ್ಡರ್ ಕೊಡಿಸ್ತೀನಿ.”

ರಘು ಪೆನ್ನು ತೆಗೆದುಕೊಂಡ. ಹಾಳೆಯನ್ನು ನೋಡಿದ. ಇಷ್ಟು ದಿನ ಆಡಿ ತೋರಿಸಿದ ಮುಖಗಳೆಲ್ಲ ಆ ಹಾಳೆಯಲ್ಲಿ ಸೀಲು, ರುಜುಗಳಾಗಿ ಕೂತಿದ್ದವು. ಯಾರ ದನಿಯೂ ಅವನ ಬಾಯಿಗೆ ಬರಲಿಲ್ಲ. ನಾಳೆ ನಾನೇ ಆಫೀಸಿಗೆ ಬರುತ್ತೇನೆ ಮೇಡಮ್ ಎಂದು ಪೆನ್ನು ವಾಪಸ್ ಕೊಟ್ಟು, ಅವಳು ಹುಬ್ಬು ಗಂಟಿಕ್ಕುವುದರೊಳಗೆ ಮೆಟ್ಟಿಲು ಹತ್ತಿದ್ದ.

ಚಿಕ್ಕಬೋರಯ್ಯ ಹಾಗೆಯೇ ನಿಂತಿದ್ದ. ಗಳವನ್ನು ಎದೆಗೆ ಆನಿಸಿಕೊಂಡು, ಪಾದ ಅಗಲಿಸಿಕೊಂಡು. ರಘು ಓಡಿಹೋಗಿ ಗಳ ಹಿಡಿದುಕೊಂಡ.

“ಇಳ್ಸೋದಲ್ವಾ ಬೋರಣ್ಣ.”

“ನೀ ಯೋಳ್ನಿಲ್ವಲ್ಲ.”

ಬಟ್ಟೆ ಇಬ್ಬರನ್ನೂ ಒಂದು ಹೆಜ್ಜೆ ಎಳೆದು ಬಿಟ್ಟಿತು. ರಘು ಕಣ್ಣು ತಪ್ಪಿಸಿ, ದೂರದ ಫ್ಲೈಓವರಿನ ಮೇಲೆ ಸಾಲಾಗಿ ಹರಿಯುತ್ತಿದ್ದ ಗಾಜಿನ ಮಿಂಚುಗಳನ್ನು ನೋಡಿದ.

“ಕಾಣ್ತದೆ ಕಣಣ್ಣ, ಸುಳ್ಳಲ್ಲ. ಇಳಿಯಕ್ಕೆ ದಾರಿ ಇಲ್ಲ,” ಎಂದ. ಗಳವನ್ನು ತನ್ನ ಕಡೆಗೆ ಎಳೆದುಕೊಂಡು, “ಆ ಫುಡ್‌ಕೋರ್ಟಿನವರ್ಗೆ ಊಂ ಅಂದ್ಬುಡು,” ಎಂದ.

ಚಿಕ್ಕಬೋರಯ್ಯ ಕೈಯನ್ನು ಸೊಂಟದ ಟವೆಲ್ಲಿಗೆ ಒರೆಸಿಕೊಂಡ, ಹಿಟ್ಟೇನೂ ಇಲ್ಲದಿದ್ದರೂ. ಆಮೇಲೆ ಟ್ಯಾಂಕಿನ ಕಡೆಯ ಗಂಟು ಬಿಚ್ಚಿದ. ಬಟ್ಟೆಯನ್ನು ಗಳಗಳಿಂದ ಕಳಚಿ, ಇಬ್ಬರೂ ಅದರ ಎರಡೆರಡು ತುದಿ ಹಿಡಿದುಕೊಂಡು ತಾರಸಿಯ ಆಚೀಚೆ ನಿಂತರು. ನಡೆದು ಬಂದು ಕೈಗೆ ಕೈ ಕೂಡಿಸಿ, ಮಡಿಸಿ, ಹಿಂದೆ ಸರಿದು, ಮತ್ತೆ ನಡೆದು ಬಂದರು. ಪ್ರತಿ ಸಲ ನಡುವಿನ ದಾರಿ ಅರ್ಧವಾಗುತ್ತ ಬಂತು. ಕೊನೆಗೆ ಎದುರುಬದುರು ನಿಂತಾಗ, ಮಡಿಸಿದ ಬಟ್ಟೆಯನ್ನು ಯಾರು ಇಟ್ಟುಕೊಳ್ಳಬೇಕೆಂದು ತಿಳಿಯದೆ ಇಬ್ಬರೂ ಹಿಡಿದೇ ಇದ್ದರು.

ಕೆಳಗೆ ದೇವರಾಜು, ವಡೆ ಎಲ್ಲಿ ಎಂದು ಕೂಗುತ್ತಿದ್ದ. ಗಂಡಭೇರುಂಡದ ಬೆಂಗಳೂರಿನ ಕಡೆಯ ಕೊಕ್ಕಿಗೆ ಸಿಕ್ಕಿ ಹರಿದುಳಿದ ಜರಿಯ ಚೂರೊಂದು ಗಾಳಿಗೆ ಪಟಪಟ ಬಡಿಯುತ್ತಿತ್ತು.